ಬೆರಳಿಗಿಂತ ಮೊದಲು ಕಣ್ಣು

1982ರ ಜೂನ್ 5ರಂದು ಹಂಗೆರಿಯ ಬುಡಾಪೆಸ್ಟ್‌ನಲ್ಲಿ ರೂಬಿಕ್ಸ್ ಕ್ಯೂಬ್‌ನ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಅಮೆರಿಕದಿಂದ ಬಂದಿದ್ದ ಮಿನ್ ಥಾಯ್ ಎಂಬ ಹದಿಹರೆಯದ ಹುಡುಗ 22.95 ಸೆಕೆಂಡಿನಲ್ಲಿ ಕ್ಯೂಬ್ ಬಿಡಿಸಿ ಗೆದ್ದ. ಆಗಿನ ಲೆಕ್ಕಕ್ಕೆ ಅದು ಜಗತ್ತಿನ ಶ್ರೇಷ್ಠ ಸಮಯ. ಇವತ್ತು ಶ್ರದ್ಧೆಯಿಂದ ಅಭ್ಯಾಸ ಮಾಡಿದ ಶಾಲೆಯ ಮಕ್ಕಳೇ ಅದಕ್ಕಿಂತ ಬೇಗ ಬಿಡಿಸುತ್ತಾರೆ. 2023ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿನಲ್ಲಿ ಬಿಡಿಸಿ ದಾಖಲೆ ಬರೆದರು. ಆ ದಾಖಲೆಯೂ ಈಗ ಉಳಿದಿಲ್ಲ.

ನಲವತ್ತು ವರ್ಷಗಳಲ್ಲಿ ಮನುಷ್ಯನ ಮಿದುಳೇನೂ ಬೆಳೆದಿಲ್ಲ. ಕೈಯಲ್ಲಿರುವ ಕ್ಯೂಬ್ ಬದಲಾಗಿದೆ, ಬಿಡಿಸುವ ವಿಧಾನ ಬದಲಾಗಿದೆ, ಆ ವಿಧಾನ ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ದಾರಿ ಬದಲಾಗಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಮ್ಮಲ್ಲಿ ಕ್ಯೂಬ್ ಬಿಡಿಸುವ ಮಗುವನ್ನು ಕಂಡ ಕೂಡಲೇ ‘ಎಂಥ ಬುದ್ಧಿವಂತ!’ ಎನ್ನುವ ರೂಢಿ ಇದೆ. ಬಿಡಿಸಲು ಬಾರದವರು ‘ನನಗೆ ಲೆಕ್ಕವೇ ತಲೆಗೆ ಹತ್ತುವುದಿಲ್ಲ, ಇನ್ನು ಇದು ಹತ್ತುತ್ತದೆಯೇ’ ಎಂದು ಕೆಳಗಿಟ್ಟುಬಿಡುತ್ತಾರೆ. ಎರಡೂ ತಪ್ಪು ತಿಳಿವಳಿಕೆ. ಕ್ಯೂಬ್ ಬಿಡಿಸಲು ಗಣಿತ ಬೇಕಿಲ್ಲ. ಬೇಗ ಬಿಡಿಸಲಂತೂ ಬೇಡವೇ ಬೇಡ. ಇದು ಕಲಿತರೆ ಬರುವ, ಬಿಡದೆ ಮಾಡಿದರೆ ಬೆಳೆಯುವ ಕೈಕೌಶಲ. ಕಲಿಯುವ ಮನಸ್ಸಿದ್ದವರಿಗೆ, ಯಾವ ವಯಸ್ಸಿನವರಿಗಾದರೂ, ಇದರ ಬಾಗಿಲು ತೆರೆದಿದೆ.

ಎರ್ನೋ ರೂಬಿಕ್ ಬುಡಾಪೆಸ್ಟ್‌ನಲ್ಲಿ ವಿನ್ಯಾಸ ಕಲಿಸುತ್ತಿದ್ದ ಅಧ್ಯಾಪಕ. 1974ರಲ್ಲಿ ಅವರು ಮರದ ತುಂಡುಗಳಿಂದ ಈ ಕ್ಯೂಬ್‌ನ ಮೊದಲ ಮಾದರಿಯನ್ನು ಮಾಡಿ, ತಿರುಗಿಸಿ ಕೆಡಿಸಿ, ಮತ್ತೆ ಮೊದಲಿನಂತೆ ಮಾಡಲು ಕುಳಿತರು. ಸುಮಾರು ಒಂದು ತಿಂಗಳು ಹಿಡಿಯಿತು. ಹುಟ್ಟಿಸಿದವರಿಗೇ ಅಷ್ಟು ಕಾಲ ಬೇಕಾಗಿದ್ದರೆ, ಮೊದಲ ದಿನ ಒಂದು ಮುಖವನ್ನಷ್ಟೇ ಬಿಳಿ ಮಾಡಿ ಮುಂದೆ ದಾರಿ ಕಾಣದೆ ನಿಂತವರು ನಾಚಿಕೊಳ್ಳಬೇಕಾಗಿಲ್ಲ. ಈ ಪುಟ್ಟ ವಸ್ತು 4,32,52,00,32,74,48,98,56,000 ಬಗೆಯಲ್ಲಿ ಕೆಡಬಹುದು. ಬಾಯಲ್ಲಿ ಹೇಳುವುದಾದರೆ ನಾಲ್ಕು ಲಕ್ಷ ಕೋಟಿ ಕೋಟಿಗೂ ಹೆಚ್ಚು. ಆದರೂ ಎಷ್ಟೇ ಕೆಡಿಸಿದರೂ ಯಾವ ಸ್ಥಿತಿಯಿಂದಲೂ 20 ತಿರುವುಗಳೊಳಗೆ ಸರಿಮಾಡಬಹುದು ಎಂದು 2010ರಲ್ಲಿ ಟೋಮಸ್ ರೊಕಿಕಿ ಮತ್ತು ಸಂಗಡಿಗರು ಗೂಗಲ್‌ನ ಕಂಪ್ಯೂಟರ್‌ಗಳ ನೆರವಿನಿಂದ ಸಾಧಿಸಿ ತೋರಿಸಿದರು. ಆ ಇಪ್ಪತ್ತು ತಿರುವುಗಳ ದಾರಿಯನ್ನು ಮನುಷ್ಯನ ಕಣ್ಣು ಕ್ಯೂಬ್ ನೋಡಿದ ಕ್ಷಣಕ್ಕೇ ಹುಡುಕಲಾರದು. ವೇಗವಾಗಿ ಬಿಡಿಸುವವರು ಐವತ್ತು ಅರವತ್ತು ತಿರುವು ತೆಗೆದುಕೊಳ್ಳುತ್ತಾರೆ. ದೂರದ ದಾರಿಯಾದರೂ ಪರಿಚಿತ ದಾರಿ, ಆದ್ದರಿಂದಲೇ ಅಲ್ಲಿ ಓಡಲು ಸಾಧ್ಯ.

ಹೊಸಬರು ಮೊದಲು ಬಿಡಬೇಕಾದ ಅಭ್ಯಾಸ ಒಂದಿದೆ: ಬಣ್ಣದ ಚೌಕಗಳನ್ನು ಎಣಿಸುವುದು. ಕ್ಯೂಬ್‌ನ ಮೈಮೇಲೆ 54 ಬಣ್ಣದ ಚೌಕಗಳಿವೆ ನಿಜ, ಆದರೆ ನಾವು ತಿರುಗಿಸುವುದು ಚೌಕಗಳನ್ನಲ್ಲ, ತುಂಡುಗಳನ್ನು. ಹೊರಗೆ ಕಾಣುವ ತುಂಡುಗಳು 26. ಪ್ರತಿ ಮುಖದ ನಡುವೆ ಒಂದೇ ಬಣ್ಣದ ಒಂದು ತುಂಡು, ಒಟ್ಟು ಆರು. ಇವು ಒಳಗಿನ ಗುಂಬಕ್ಕೆ ಕೂಡಿಕೊಂಡಿವೆ. ಕೂತಲ್ಲೇ ಸುತ್ತುತ್ತವೆಯೇ ಹೊರತು ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಬಿಳಿಯ ಎದುರು ಹಳದಿ, ನೀಲಿಯ ಎದುರು ಹಸಿರು, ಕೆಂಪಿನ ಎದುರು ಕಿತ್ತಳೆ. ಎಷ್ಟು ತಿರುಗಿಸಿದರೂ ಇದು ಬದಲಾಗದು. ಹಾಗಾಗಿ ಯಾವ ಮುಖ ಯಾವ ಬಣ್ಣದ್ದಾಗಬೇಕು ಎಂದು ನಡುವಿನ ತುಂಡೇ ಹೇಳುತ್ತದೆ. ಉಳಿದವು ಎರಡು ಬಣ್ಣದ 12 ಅಂಚಿನ ತುಂಡುಗಳು, ಮೂರು ಬಣ್ಣದ 8 ಮೂಲೆಯ ತುಂಡುಗಳು. ಅಂಚು ಮೂಲೆಗೆ ಹೋಗದು, ಮೂಲೆ ಅಂಚಿಗೆ ಬಾರದು. ಬಿಳಿ, ಕೆಂಪು, ಹಸಿರು ಬಣ್ಣ ಹೊತ್ತ ಮೂಲೆ ಇಡೀ ಕ್ಯೂಬ್‌ನಲ್ಲಿ ಒಂದೇ ಒಂದು. ಅದಕ್ಕೆ ಸರಿಯಾದ ಜಾಗವೂ ಒಂದೇ.

ಈ ಮಾತು ಮನಸ್ಸಿಗೆ ಇಳಿದ ದಿನ ಅರ್ಧ ಕ್ಯೂಬ್ ಕಲಿತಂತೆ. ಒಂದು ಮುಖವನ್ನು ಪೂರ್ತಿ ಬಿಳಿ ಮಾಡಿದರೂ ಕೆಲಸ ಮುಂದೆ ಸಾಗದಿರುವುದಕ್ಕೆ ಕಾರಣ ಆಗ ತಾನಾಗಿ ಹೊಳೆಯುತ್ತದೆ: ಬಿಳಿ ಚೌಕಗಳು ಮೇಲೆ ಬಂದಿವೆ, ಆ ತುಂಡುಗಳ ಪಕ್ಕದ ಬಣ್ಣಗಳು ಮಾತ್ರ ತಮ್ಮ ನಡುವಿನ ಬಣ್ಣಕ್ಕೆ ಹೊಂದಿಲ್ಲ. ಕ್ಯೂಬ್ ಬಿಡಿಸುವುದು ಮುಖ ಮುಖವಾಗಿ ಅಲ್ಲ, ಪದರ ಪದರವಾಗಿ. ಮೊದಲು ಕೆಳಗಿನ ಪದರ, ಆಮೇಲೆ ನಡುವಿನದು, ಕೊನೆಗೆ ಮೇಲಿನದು.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಕೆಲವರು ಬೇಸತ್ತು ತುಂಡುಗಳನ್ನು ಕಿತ್ತು ಮತ್ತೆ ಜೋಡಿಸುತ್ತಾರೆ. ಹಾಗೆ ಮನಬಂದಂತೆ ಜೋಡಿಸಿದರೆ ಹನ್ನೆರಡರಲ್ಲಿ ಒಂದು ಸಲ ಮಾತ್ರ ಅದು ತಿರುಗಿಸಿ ಬಿಡಿಸಬಹುದಾದ ಕ್ಯೂಬ್ ಆಗಿರುತ್ತದೆ. ಉಳಿದ ಹನ್ನೊಂದು ಸಲ ಎಂಥ ಜಾಣರಿಗೂ ಬಿಡಿಸಲಾಗದು. ಹಳೆಯ ಕ್ಯೂಬ್ ಒಂದರ ಮುಂದೆ ವಾರಗಟ್ಟಲೆ ಕೂತು ಸೋತಿದ್ದರೆ, ಯಾರಾದರೂ ಮೂಲೆಯೊಂದನ್ನು ತಿರುಚಿಟ್ಟಿರಬಹುದು ಎಂಬ ಸಂಶಯ ನ್ಯಾಯವಾದದ್ದೇ. ಅಂಥದ್ದನ್ನು ಪೂರ್ತಿ ಬಿಚ್ಚಿ, ಬಣ್ಣ ಬಣ್ಣವಾಗಿ ಸರಿಯಾಗಿ ಜೋಡಿಸಿಕೊಂಡೇ ಶುರುಮಾಡಿ.

ತಿರುವುಗಳನ್ನು ಬರೆಯಲು ಇಂಗ್ಲಿಷ್ ಅಕ್ಷರಗಳ ಸಂಕೇತವಿದೆ. ಬ್ರಿಟನ್ನಿನ ಗಣಿತಜ್ಞ ಡೇವಿಡ್ ಸಿಂಗ್‌ಮಾಸ್ಟರ್ ಬಳಕೆಗೆ ತಂದದ್ದು. ಬಲಮುಖಕ್ಕೆ ಆರ್, ಮೇಲ್ಮುಖಕ್ಕೆ ಯು, ಎದುರು ಮುಖಕ್ಕೆ ಎಫ್, ಹೀಗೆ. ಬರಿ ಅಕ್ಷರವಿದ್ದರೆ ಆ ಮುಖವನ್ನು ನೇರವಾಗಿ ನೋಡುತ್ತಾ ಪ್ರದಕ್ಷಿಣೆಯಾಗಿ ತಿರುಗಿಸುವುದು. ಜೊತೆಗೆ ‘ಪ್ರೈಮ್’ ಎಂಬ ಗುರುತಿದ್ದರೆ ಅಪ್ರದಕ್ಷಿಣೆ. ಅರ್ಧ ಗಂಟೆಯಲ್ಲಿ ರೂಢಿಯಾಗುತ್ತದೆ.

ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ನಾಲ್ಕು ತಿರುವುಗಳಿವೆ. ಬಲಪದರ ಮೇಲಕ್ಕೆ, ಮೇಲ್ಪದರ ಎಡಕ್ಕೆ, ಬಲಪದರ ಕೆಳಕ್ಕೆ, ಮೇಲ್ಪದರ ಬಲಕ್ಕೆ. ಸಂಕೇತದಲ್ಲಿ ಆರ್, ಯು, ಆರ್ ಪ್ರೈಮ್, ಯು ಪ್ರೈಮ್. ಸರಿಯಾಗಿರುವ ಕ್ಯೂಬ್ ಹಿಡಿದು ಇದನ್ನೇ ಆರು ಸಲ ಮಾಡಿ. ಮೊದಲ ಸುತ್ತುಗಳಲ್ಲಿ ಕ್ಯೂಬ್ ಕೆಡುತ್ತದೆ. ಆರನೆಯದು ಮುಗಿಯುವಾಗ ಎಲ್ಲವೂ ಮೊದಲಿನಂತೆ ನಿಲ್ಲುತ್ತದೆ. ಕೈಯೊಳಗೆ ಇದು ನಡೆಯುವುದನ್ನು ನೋಡುವುದೇ ಒಂದು ಸುಖ. ಆರಂಭಿಕರ ವಿಧಾನದ ಬಹುಭಾಗ ಈ ನಾಲ್ಕು ತಿರುವುಗಳ ಮೇಲೆಯೇ ನಿಂತಿದೆ. ಬಿಳಿ ಮುಖವನ್ನು ಕೆಳಗೆ ಹಿಡಿದು, ಕೂರಿಸಬೇಕಾದ ಮೂಲೆಯನ್ನು ಅದರ ಜಾಗದ ನೇರ ಮೇಲೆ, ಬಲಗಡೆ ಎದುರಿಗೆ ತಂದುಕೊಂಡು ಈ ನಾಲ್ಕನ್ನು ಮತ್ತೆ ಮತ್ತೆ ಮಾಡಿದರೆ ಐದು ಸುತ್ತಿನೊಳಗೆ ಆ ಮೂಲೆ ಸರಿಯಾಗಿ ಕೂತುಬಿಡುತ್ತದೆ. ಇದೇ ನಾಲ್ಕಕ್ಕೆ ಮೊದಲಲ್ಲಿ ಎಫ್, ಕೊನೆಯಲ್ಲಿ ಎಫ್ ಪ್ರೈಮ್ ಸೇರಿಸಿದರೆ ಕೊನೆಯ ಪದರದಲ್ಲಿ ಹಳದಿ ಶಿಲುಬೆಯ ಆಕಾರ ಮೂಡಿಸುವ ಸೂತ್ರ ಸಿದ್ಧ.

ಕೊನೆಯ ಹೆಜ್ಜೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಹಳದಿ ಮೂಲೆಗಳನ್ನು ಒಂದೊಂದಾಗಿ ತಿರುಗಿಸಿ ನಿಲ್ಲಿಸುವಾಗ ಅಷ್ಟು ಹೊತ್ತು ಕಷ್ಟಪಟ್ಟು ಕಟ್ಟಿದ ಕೆಳಗಿನ ಪದರಗಳೆಲ್ಲ ಕಣ್ಣೆದುರೇ ಚದುರುತ್ತವೆ. ಎದೆ ಧಸಕ್ಕೆನ್ನುತ್ತದೆ, ಕೈ ನಿಲ್ಲುತ್ತದೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದು ಹೊಸಬರು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ನಿಲ್ಲಿಸಬೇಡಿ. ಕ್ಯೂಬನ್ನು ಹಿಡಿದ ದಿಕ್ಕು ಬದಲಿಸದೆ, ಮುಂದಿನ ಮೂಲೆಯನ್ನು ಮೇಲ್ಪದರ ತಿರುಗಿಸಿ ಅದೇ ಜಾಗಕ್ಕೆ ತಂದು ಸೂತ್ರ ಮುಂದುವರಿಸಿದರೆ, ಕೊನೆಯ ಮೂಲೆ ಸರಿಯಾಗುವ ಹೊತ್ತಿಗೆ ಕೆಳಗಿನದ್ದೆಲ್ಲ ತಾನಾಗಿ ಕೂಡಿಕೊಂಡಿರುತ್ತದೆ.

ಕಾಗದ ನೋಡದೆ ಪೂರ್ತಿ ಬಿಡಿಸಲು ಬಂದ ಮೇಲೆ ಒಳ್ಳೆಯ ಕ್ಯೂಬ್ ಕೊಳ್ಳಿ. ಜಾತ್ರೆಯಲ್ಲೋ ಆಟಿಕೆ ಅಂಗಡಿಯಲ್ಲೋ ಸಿಗುವ ಬಿಗಿಯಾದ ಕ್ಯೂಬ್ ಕಲಿಯಲು ಸಾಕು, ಓಡಿಸಲು ಸಾಲದು. ಅದರಲ್ಲಿ ಒಂದು ಪದರ ನೂಲು ಹಿಡಿದಂತೆ ನೇರವಾಗಿ ನಿಲ್ಲದೆ ಇನ್ನೊಂದು ತಿರುಗುವುದಿಲ್ಲ, ಬೆರಳು ನೋಯುತ್ತದೆ. ಈಗಿನ ವೇಗದ ಕ್ಯೂಬ್‌ಗಳ ತುಂಡುಗಳೊಳಗೆ ಪುಟ್ಟ ಅಯಸ್ಕಾಂತಗಳಿರುತ್ತವೆ. ಪದರ ತಿರುಗಿ ತನ್ನ ಜಾಗಕ್ಕೆ ಹತ್ತಿರ ಬಂದಾಗ ಅವು ಎಳೆದು ಸರಿಯಾಗಿ ನಿಲ್ಲಿಸುತ್ತವೆ. ಪದರ ಸ್ವಲ್ಪ ಓರೆಯಾಗಿದ್ದರೂ ಮುಂದಿನ ತಿರುವು ಹಾಯ್ದು ಹೋಗುತ್ತದೆ. ಸ್ಪ್ರಿಂಗ್‌ನ ಬಿಗಿಯನ್ನು ನಮ್ಮ ಕೈಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು, ಆಗಾಗ ಎರಡು ಹನಿ ಲೂಬ್ರಿಕೆಂಟ್ ಬಿಟ್ಟರೆ ಹದವಾಗಿರುತ್ತದೆ. ಮೋಯು, ಚಿಯಿ, ಗ್ಯಾನ್ ಮುಂತಾದ ಚೀನಾದ ಕಂಪನಿಗಳು ಈ ಕ್ಷೇತ್ರವನ್ನು ಆಳುತ್ತಿವೆ. ಸಾವಿರ ರೂಪಾಯಿಯೊಳಗೆ ಅಯಸ್ಕಾಂತವಿರುವ ಒಳ್ಳೆಯ ಕ್ಯೂಬ್ ಸಿಗುತ್ತದೆ. ಹೊಸಬರು ಅದಕ್ಕಿಂತ ಹೆಚ್ಚು ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ದುಬಾರಿ ಕ್ಯೂಬ್ ಒಂದೆರಡು ಸೆಕೆಂಡು ಉಳಿಸೀತು. ಅಭ್ಯಾಸ ಉಳಿಸುವುದು ನಿಮಿಷಗಳನ್ನು.

ಆರಂಭಿಕರ ವಿಧಾನದಲ್ಲಿ ನೂರಕ್ಕೂ ಹೆಚ್ಚು ತಿರುವು ಬೇಕು. ಅದರಲ್ಲೇ ಕೈ ಪಳಗಿಸಿದರೂ ಒಂದು ನಿಮಿಷದೊಳಗೆ ಬರಬಹುದು. ಅಲ್ಲಿಂದ ಮುಂದೆ ಹೋಗುವವರಲ್ಲಿ ಹೆಚ್ಚಿನವರು ಹಿಡಿಯುವ ದಾರಿ ಸಿಎಫ್‌ಒಪಿ. 1982ರ ಬುಡಾಪೆಸ್ಟ್ ಸ್ಪರ್ಧೆಯಲ್ಲಿ ಚೆಕೊಸ್ಲೊವಾಕಿಯಾದಿಂದ ಬಂದು ಭಾಗವಹಿಸಿದ್ದ ಜೆಸ್ಸಿಕಾ ಫ್ರಿಡ್ರಿಕ್, ಮುಂದೆ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದವರು, ಈ ವಿಧಾನವನ್ನು ಒಪ್ಪವಾಗಿ ಜೋಡಿಸಿ 1990ರ ದಶಕದಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟರು. ಇದರ ಹಿಂದೆ ಇನ್ನೂ ಹಲವರ ಆಲೋಚನೆಗಳಿವೆ. ಅವರೂ ತಾವು ಕಂಡದ್ದನ್ನು ಬಚ್ಚಿಡಲಿಲ್ಲ. 22.95 ಸೆಕೆಂಡು ಇವತ್ತು ಸಾಮಾನ್ಯರ ಕೈಗೆಟಕುವಂತಾದದ್ದರಲ್ಲಿ ಈ ಹಂಚಿಕೆಯ ಪಾಲು ದೊಡ್ಡದು.

ಸಿಎಫ್‌ಒಪಿಯಲ್ಲಿ ಮೊದಲು ಕೆಳಗಡೆ ಬಿಳಿ ಶಿಲುಬೆ. ಯಾವುದೇ ಸ್ಥಿತಿಯಿಂದ ಇದಕ್ಕೆ ಎಂಟಕ್ಕಿಂತ ಹೆಚ್ಚು ತಿರುವು ಬೇಕಿಲ್ಲ. ಆಮೇಲೆ ಒಂದು ಮೂಲೆಯನ್ನೂ ಅದರ ಜೊತೆಗಾರ ಅಂಚನ್ನೂ ಮೇಲ್ಪದರದಲ್ಲಿ ಕೂಡಿಸಿ ಜೋಡಿಯಾಗಿ ಒಳಗೆ ಇಳಿಸುವುದು. ಇಂಥ ನಾಲ್ಕು ಜೋಡಿ ಇಳಿದರೆ ಎರಡು ಪದರ ಒಟ್ಟಿಗೇ ಮುಗಿದವು. ಕೊನೆಯ ಪದರವನ್ನು ಎರಡು ಸೂತ್ರಗಳಲ್ಲಿ ಮುಗಿಸಬಹುದು: ಒಂದರಲ್ಲಿ ಮೇಲ್ಮುಖ ಪೂರ್ತಿ ಹಳದಿಯಾಗುತ್ತದೆ, ಇನ್ನೊಂದರಲ್ಲಿ ತುಂಡುಗಳು ತಮ್ಮ ತಮ್ಮ ಜಾಗ ಸೇರುತ್ತವೆ. ಮೊದಲನೆಯದಕ್ಕೆ 57 ಸೂತ್ರ, ಎರಡನೆಯದಕ್ಕೆ 21. ಈ ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಕೆಲಸವನ್ನು ಎರಡೆರಡು ಹೆಜ್ಜೆಯಾಗಿ ಒಡೆದುಕೊಂಡರೆ 16 ಸೂತ್ರಗಳು ಸಾಕು. ಉಳಿದವನ್ನು ವರ್ಷಗಟ್ಟಲೆ ನಿಧಾನವಾಗಿ ಕಲಿಯಬಹುದು. ನನ್ನ ಅಭಿಪ್ರಾಯದಲ್ಲಿ ಸೂತ್ರಗಳ ಹಿಂದೆ ಬೇಗ ಬೀಳುವುದೇ ಹೊಸಬರಿಗೆ ಆಗುವ ದೊಡ್ಡ ನಷ್ಟ. ಆ ಹೊತ್ತನ್ನು ನಾಲ್ಕು ಜೋಡಿಗಳಿಗೆ ಕೊಡಬೇಕು. ಇಡೀ ಕ್ಯೂಬ್‌ನಲ್ಲಿ ಹೆಚ್ಚು ಸಮಯ ತಿನ್ನುವುದು ಅವೇ, ಮತ್ತು ಅವು ಬಾಯಿಪಾಠದಿಂದ ಬರುವಂಥವಲ್ಲ. ತುಂಡುಗಳು ಹೇಗೆ ಓಡಾಡುತ್ತವೆ ಎಂದು ನೋಡಿ ತಿಳಿಯಬೇಕು.

ಒಂದು ಲೆಕ್ಕ ಮಾಡಿ ನೋಡಿ. ಅರವತ್ತು ತಿರುವು ಬೇಕು ಎಂದುಕೊಳ್ಳೋಣ. ಸೆಕೆಂಡಿಗೆ ಮೂರು ತಿರುವಿನಂತೆ ಕೈ ಆಡಿದರೆ ಇಪ್ಪತ್ತು ಸೆಕೆಂಡಿಗೆ ಮುಗಿಯಬೇಕು. ಸೆಕೆಂಡಿಗೆ ಮೂರು ತಿರುವು ಸಾಮಾನ್ಯರ ಕೈಗೂ ಕೆಲವೇ ವಾರಗಳಲ್ಲಿ ಬರುತ್ತದೆ. ಹಾಗಾದರೆ ಹೆಚ್ಚಿನವರು ನಲವತ್ತು ಸೆಕೆಂಡಿನ ಹತ್ತಿರವೇ ಏಕೆ ನಿಲ್ಲುತ್ತಾರೆ? ತಿರುವುಗಳ ನಡುವಿನ ನಿಲುಗಡೆಯಿಂದ. ಒಂದು ಜೋಡಿ ಇಳಿಸಿ, ಕ್ಯೂಬನ್ನು ಅತ್ತಿತ್ತ ಹೊರಳಿಸಿ, ಮುಂದಿನ ತುಂಡು ಎಲ್ಲಿದೆ ಎಂದು ಹುಡುಕುತ್ತಾ ಕೈ ಸುಮ್ಮನಿರುತ್ತದೆ. ಅರ್ಧ ಸಮಯ ಹುಡುಕಾಟಕ್ಕೇ ಹೋಗುತ್ತದೆ. ಬೆರಳುಗಳು ಈ ಜೋಡಿಯನ್ನು ಇಳಿಸುತ್ತಿರುವಾಗಲೇ ಕಣ್ಣು ಮುಂದಿನ ಜೋಡಿಯನ್ನು ಕಂಡಿರಬೇಕು. ಕ್ಯೂಬರ್‌ಗಳು ಇದನ್ನು ‘ಲುಕ್ ಅಹೆಡ್’ ಎನ್ನುತ್ತಾರೆ. ಈ ಹವ್ಯಾಸದ ಹೃದಯವೇ ಇದು.

ಇದನ್ನು ಸಾಧಿಸುವ ದಾರಿ ಸಂಗೀತ ಕಲಿತವರಿಗೆ ಚೆನ್ನಾಗಿ ಗೊತ್ತು. ಸರಳೆ ವರಸೆಯನ್ನು ಮೊದಲನೆಯ ಕಾಲದಲ್ಲಿ ಗಟ್ಟಿ ಮಾಡದೆ ಮೂರನೆಯ ಕಾಲಕ್ಕೆ ಹಾರಿದ ವಿದ್ಯಾರ್ಥಿಯನ್ನು ಯಾವ ಗುರುಗಳೂ ಒಪ್ಪುವುದಿಲ್ಲ. ಕ್ಯೂಬ್‌ನಲ್ಲಿಯೂ ಹಾಗೆಯೇ. ಟೈಮರ್ ಪಕ್ಕಕ್ಕಿಟ್ಟು, ಸೆಕೆಂಡಿಗೆ ಒಂದೇ ತಿರುವಿನಂತೆ, ಎಲ್ಲೂ ನಿಲ್ಲದೆ ಬಿಡಿಸಲು ಪ್ರಯತ್ನಿಸಿ. ಮೆಟ್ರೊನೋಮ್ ಹಾಕಿಕೊಂಡು ಅದರ ಬಡಿತಕ್ಕೆ ಒಂದೊಂದು ತಿರುವು ಮಾಡುವವರೂ ಇದ್ದಾರೆ. ಕೈ ನಿಧಾನವಾದಾಗ ಕಣ್ಣಿಗೆ ಬಿಡುವು ಸಿಗುತ್ತದೆ. ಅದು ಸುತ್ತಲಿನ ತುಂಡುಗಳನ್ನು ಗಮನಿಸಲು ಶುರುಮಾಡುತ್ತದೆ. ಕೈ ಬೇಸರಪಟ್ಟುಕೊಳ್ಳುತ್ತದೆ, ಓಡಬೇಕೆನ್ನುತ್ತದೆ. ಬಿಡಬೇಡಿ. ನಿಲ್ಲದೆ ಹರಿಯುವುದು ಬಂದ ಮೇಲೆ ಲಯ ಏರಿಸಿ. ಹೀಗೆ ಕಲಿತವರ ಕ್ಯೂಬ್ ನೋಡಿದರೆ ಅವಸರವೇ ಕಾಣುವುದಿಲ್ಲ, ಟೈಮರ್ ನೋಡಿದಾಗಲೇ ಬೆರಗಾಗುವುದು.

ಬೆರಳಿನ ವಿಷಯ ಸ್ವಲ್ಪವಾದರೂ ಹೇಳಬೇಕು. ಇಡೀ ಮಣಿಕಟ್ಟು ಹೊರಳಿಸಿ ಮೇಲ್ಪದರ ತಿರುಗಿಸುವುದು ಹೊಸಬರ ರೂಢಿ. ಬದಲಿಗೆ ತೋರುಬೆರಳಿನಿಂದ ಒಮ್ಮೆ ತಟ್ಟಿದರೆ ಸಾಕು, ಅಯಸ್ಕಾಂತ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಎಡದ ತೋರುಬೆರಳು ಒಂದು ದಿಕ್ಕಿಗೆ, ಬಲದ್ದು ಇನ್ನೊಂದು ದಿಕ್ಕಿಗೆ. ಹಿಡಿತ ಬದಲಿಸಿದಷ್ಟೂ ಸಮಯ ಪೋಲು. ಬಿಳಿ ಶಿಲುಬೆಯನ್ನು ಮೇಲೆ ಕಟ್ಟಿ ಆಮೇಲೆ ಕ್ಯೂಬ್ ಮಗುಚುವ ಅಭ್ಯಾಸವಿದ್ದರೆ ಇವತ್ತೇ ಬಿಟ್ಟು, ಕೆಳಗಡೆಯೇ ಕಟ್ಟಲು ಕಲಿಯಿರಿ. ಕಾಣದ ಮುಖವನ್ನು ಮನಸ್ಸಿನಲ್ಲಿ ಹಿಡಿಯುವುದು ಮೊದಲ ವಾರ ಕಷ್ಟ, ಆಮೇಲೆ ಅದೇ ಸಹಜ.

ಸಮಯ ಅಳೆಯುವಾಗ ಒಂದು ಶ್ರೇಷ್ಠ ಪ್ರಯತ್ನವನ್ನು ಹಿಡಿದು ಬೀಗಬೇಡಿ, ಒಂದು ಕೆಟ್ಟದ್ದಕ್ಕೆ ಕುಗ್ಗಬೇಡಿ. ಕೆಲವು ಕ್ಯೂಬ್‌ಗಳು ಸುಲಭವಾಗಿ ಕೆಟ್ಟಿರುತ್ತವೆ, ಅದೃಷ್ಟವೂ ಇದರಲ್ಲಿ ಇದೆ. ಈ ಕಾರಣಕ್ಕೇ ಇಂದಿನ ಸ್ಪರ್ಧೆಗಳಲ್ಲಿ ಐದು ಸಲ ಬಿಡಿಸಲು ಹೇಳಿ, ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು, ನಡುವಿನ ಮೂರರ ಸರಾಸರಿ ತೆಗೆಯುತ್ತಾರೆ. ನ್ಯಾಯವಾದ ಕ್ರಮ. ಮನೆಯಲ್ಲಿಯೂ ಅದನ್ನೇ ಪಾಲಿಸಿ. ಸರಾಸರಿ ಕೆಲವೊಮ್ಮೆ ತಿಂಗಳುಗಟ್ಟಲೆ ಅಲುಗುವುದಿಲ್ಲ. ಆಗ ಇನ್ನೂ ಬಿರುಸಾಗಿ ತಿರುಗಿಸುವುದು ಉಪಾಯವಲ್ಲ. ನಿಮ್ಮ ಕೈಗಳನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಎಲ್ಲಿ ನಿಲ್ಲುತ್ತಿದ್ದೀರಿ ಎಂದು ನೋಡಿ.

ಸ್ಪರ್ಧೆಗಳನ್ನು ವರ್ಲ್ಡ್ ಕ್ಯೂಬ್ ಅಸೋಸಿಯೇಷನ್ ಮಾನ್ಯ ಮಾಡುತ್ತದೆ. ನೆದರ್ಲೆಂಡ್ಸ್‌ನ ರಾನ್ ವಾನ್ ಬ್ರುಖೆಮ್ ಮತ್ತು ಅಮೆರಿಕದ ಟೈಸನ್ ಮಾವ್ 2004ರಲ್ಲಿ ಕಟ್ಟಿದ ಸಂಸ್ಥೆ ಇದು. ಎರಡರ ಕ್ಯೂಬ್‌ನಿಂದ ಏಳರ ಕ್ಯೂಬ್‌ವರೆಗೆ, ಒಂದೇ ಕೈಯಲ್ಲಿ, ಕಣ್ಣುಕಟ್ಟಿಕೊಂಡು, ಪಿರಮಿಡ್ ಆಕಾರದ್ದು ಎಂದು 17 ವಿಭಾಗಗಳಿವೆ. ಸ್ಪರ್ಧೆಯಲ್ಲಿ ಎಲ್ಲರ ಕ್ಯೂಬ್‌ಗಳನ್ನೂ ಕಂಪ್ಯೂಟರ್ ಕೊಟ್ಟ ಒಂದೇ ಕ್ರಮದಲ್ಲಿ ಕೆಡಿಸಿ, ಮುಚ್ಚಿ ತಂದು ಮೇಜಿನ ಮೇಲಿಡುತ್ತಾರೆ. ಮುಚ್ಚಳ ತೆಗೆದ ಮೇಲೆ ನೋಡಲು 15 ಸೆಕೆಂಡು ಸಿಗುತ್ತದೆ. ಇಡೀ ಬಿಳಿ ಶಿಲುಬೆಯನ್ನು ಮನಸ್ಸಿನಲ್ಲಿ ಕಟ್ಟಿಬಿಡಲು ಅಷ್ಟು ಸಾಕು, ಅದೇ ಅದರ ಸರಿಯಾದ ಬಳಕೆ. ಎಂಟಾದಾಗ, ಹನ್ನೆರಡಾದಾಗ ತೀರ್ಪುಗಾರರು ಎಚ್ಚರಿಸುತ್ತಾರೆ. ಎರಡೂ ಅಂಗೈ ಟೈಮರ್ ಮೇಲಿಟ್ಟು ಎತ್ತಿದರೆ ಸಮಯ ಓಡತೊಡಗುತ್ತದೆ, ಮುಗಿಸಿ ಮತ್ತೆ ಒತ್ತಿದರೆ ನಿಲ್ಲುತ್ತದೆ. ಒಂದು ಪದರ ಅರ್ಧಕ್ಕಿಂತ ಹೆಚ್ಚು ಓರೆಯಾಗಿ ಉಳಿದಿದ್ದರೆ ಎರಡು ಸೆಕೆಂಡು ದಂಡ.

ನನಗೆ ಈ ಸ್ಪರ್ಧೆಗಳಲ್ಲಿ ಎಲ್ಲಕ್ಕಿಂತ ಹಿಡಿಸುವುದು ಅಲ್ಲಿನ ಜನರ ನಡವಳಿಕೆ. ಕ್ಯೂಬ್ ಕೆಡಿಸುವವರು, ಹೊತ್ತು ತರುವವರು, ತೀರ್ಪುಗಾರರು ಬೇರೆ ಯಾರೂ ಅಲ್ಲ, ಹೆಚ್ಚಾಗಿ ಸ್ಪರ್ಧಿಗಳೇ. ತನ್ನ ಸರದಿ ಮುಗಿಸಿದ ಎಂಜಿನಿಯರಿಂಗ್ ಹುಡುಗ ಮೂರನೇ ತರಗತಿಯ ಮಗುವಿನ ಎದುರು ತೀರ್ಪುಗಾರನಾಗಿ ಕೂರುತ್ತಾನೆ. ಮ್ಯಾಕ್ಸ್ ಪಾರ್ಕ್ ಕಥೆಯೂ ಇಂಥ ವಾತಾವರಣದ್ದೇ. ಆಟಿಸಂ ಇದ್ದ ಮಗನ ಬೆರಳುಗಳಿಗೆ ಚುರುಕು ಬರಲಿ ಎಂದು ತಂದೆತಾಯಿ ಕ್ಯೂಬ್ ಕೊಟ್ಟರು; ಸರದಿಗೆ ಕಾಯುವುದು, ಇತರರ ಕಣ್ಣು ನೋಡಿ ಮಾತಾಡುವುದನ್ನು ಮ್ಯಾಕ್ಸ್ ಸ್ಪರ್ಧೆಗಳಲ್ಲಿ ಕಲಿತರು. ಮ್ಯಾಕ್ಸ್ ಆರಾಧಿಸುತ್ತಿದ್ದದ್ದು ಆಸ್ಟ್ರೇಲಿಯಾದ ಫೆಲಿಕ್ಸ್ ಜೆಮ್ಡೆಗ್ಸ್ ಅವರನ್ನು, 2013 ಮತ್ತು 2015ರ ವಿಶ್ವ ಚಾಂಪಿಯನ್. ಮುಂದೆ ಫೆಲಿಕ್ಸ್ ಅವರ ದಾಖಲೆಗಳನ್ನು ಒಂದೊಂದಾಗಿ ಮ್ಯಾಕ್ಸ್ ಮುರಿದರು, ಗೆಳೆತನ ಮಾತ್ರ ಗಟ್ಟಿಯಾಯಿತು. ‘ದಿ ಸ್ಪೀಡ್ ಕ್ಯೂಬರ್ಸ್’ ಎಂಬ 2020ರ ಸಾಕ್ಷ್ಯಚಿತ್ರ ಇದನ್ನು ಹೇಳುತ್ತದೆ. ಕ್ಯೂಬ್ ಬಗ್ಗೆ ಆಸಕ್ತಿಯಿಲ್ಲದವರೂ ನೋಡಬೇಕಾದ ಚಿತ್ರ.

ಮಕ್ಕಳಿರುವ ಮನೆಗಳಿಗೆ ಒಂದು ಮಾತು. ಕ್ಯೂಬ್ ಕಲಿತರೆ ಪರೀಕ್ಷೆಯಲ್ಲಿ ಅಂಕ ಏರುತ್ತದೆ ಎಂದು ಆಸೆ ತೋರಿಸಿ ಬೇಸಿಗೆ ಶಿಬಿರಕ್ಕೆ ತಳ್ಳಬೇಡಿ, ನೆಂಟರು ಬಂದಾಗ ‘ಬಿಡಿಸಿ ತೋರಿಸು’ ಎಂದು ಒತ್ತಾಯಿಸಬೇಡಿ. ಸಾಧ್ಯವಾದರೆ ಜೊತೆಯಲ್ಲಿ ಕುಳಿತು ನೀವೂ ಕಲಿಯಿರಿ. ಮಗು ನಿಮಗಿಂತ ಬೇಗ ಕಲಿಯುತ್ತದೆ, ಆಮೇಲೆ ನಿಮಗೆ ಅದೇ ಹೇಳಿಕೊಡುತ್ತದೆ. ಮನೆಯಲ್ಲಿ ಹಿರಿಯರಿಗೆ ಕಲಿಸುವ ಅವಕಾಶ ಮಕ್ಕಳಿಗೆ ಹೆಚ್ಚು ಸಿಗುವುದಿಲ್ಲ; ಈ ಆಟದಲ್ಲಿ ಸಿಗುತ್ತದೆ.

ಬೆಂಗಳೂರಿನಲ್ಲಿ ಮಾನ್ಯತೆ ಪಡೆದ ಸ್ಪರ್ಧೆಗಳು ನಡೆಯುತ್ತಿರುತ್ತವೆ. ದಿನಾಂಕ, ಸ್ಥಳ, ಶುಲ್ಕ ಎಲ್ಲವೂ ವರ್ಲ್ಡ್ ಕ್ಯೂಬ್ ಅಸೋಸಿಯೇಷನ್‌ನ ಜಾಲತಾಣದಲ್ಲಿ ಮುಂಚಿತವಾಗಿ ಪ್ರಕಟವಾಗುತ್ತವೆ. ಜಾಗ ಬೇಗ ತುಂಬುವುದರಿಂದ ನೋಂದಣಿ ತೆರೆಯುವ ದಿನವನ್ನು ಗುರುತಿಟ್ಟುಕೊಳ್ಳಿ, ಕಾಲಮಿತಿ ಎಷ್ಟೆಂದು ನೋಡಿಕೊಳ್ಳಿ. ಇಪ್ಪತ್ತು ಸೆಕೆಂಡಿನೊಳಗೆ ಬಂದ ಮೇಲೆ ಹೋಗೋಣ ಎಂದು ಕಾಯಬೇಡಿ. ಒಂದು ನಿಮಿಷದ ಆಸುಪಾಸಿನಲ್ಲಿ ಬಿಡಿಸುವವರೂ ಅಲ್ಲಿಗೆ ಬರುತ್ತಾರೆ, ಅವರ ಹೆಸರೂ ಸಮಯವೂ ವಿಶ್ವ ಚಾಂಪಿಯನ್‌ಗಳ ಹೆಸರಿರುವ ಅದೇ ಪಟ್ಟಿಯಲ್ಲಿ ದಾಖಲಾಗುತ್ತವೆ.